ಖಾಲಿ ಸೀಟಿನ ಬೆಲ್ಟು

ಕುಂಥಿಯಾ ಕೈಯಿಟ್ಟ ಕಾರಿನಲ್ಲಿ ಮೊದಲು ಯಾರು ಕೂತಿದ್ದರೆಂಬ ಗುರುತು ಎಳ್ಳಷ್ಟೂ ಉಳಿಯುತ್ತಿರಲಿಲ್ಲ. ಕಾಂಬೋಡಿಯದ ಪ್ನೊಮ್ ಪೆನ್ ನಗರದ ಅಂಚಿನಲ್ಲಿರುವ ಹೋಕ್ ಲೆಂಗನ ಕಾರಿನ ಅಂಗಳಕ್ಕೆ ಅವಳು ಬಂದು ಹತ್ತೊಂಬತ್ತು ವರ್ಷವಾಗಿತ್ತು. ಅದಕ್ಕೂ ಮೊದಲು ಬಟ್ಟೆ ಕಾರ್ಖಾನೆಯಲ್ಲಿ ಪ್ಯಾಂಟುಗಳಿಗೆ ಜೇಬು ಹೊಲಿಯುತ್ತಿದ್ದಳು. ಬರೀ ಜೇಬು, ಇಡೀ ಪ್ಯಾಂಟನ್ನು ಒಮ್ಮೆಯೂ ಹೊಲಿದವಳಲ್ಲ. ಕಾರಿನ ಸೀಟನ್ನಾದರೂ ಒಬ್ಬಳೇ ಮುಗಿಸಬಹುದು ಎಂಬ ಆಸೆಗೆ ಇತ್ತ ಬಂದವಳು ಇಲ್ಲೇ ಉಳಿದುಬಿಟ್ಟಳು.

ಅಮೆರಿಕದಲ್ಲಿ ಅಪಘಾತವಾಗಿ, ಇನ್ನು ಪ್ರಯೋಜನವಿಲ್ಲವೆಂದು ಅಲ್ಲಿನವರು ಕೈಬಿಟ್ಟ ಕಾರುಗಳು ಹಡಗು ಹತ್ತಿ ಲೆಂಗನ ಅಂಗಳಕ್ಕೆ ಬರುತ್ತಿದ್ದವು. ಒಂದರ ಮೂತಿಗೆ ಇನ್ನೊಂದರ ಬೆನ್ನು ಬೆಸೆದು, ಬಣ್ಣ ಹೊಡೆದರೆ ಮಾರಾಟಕ್ಕೆ ಸಿದ್ಧ. ಒಳಗಿನ ಕೆಲಸವೆಲ್ಲ ಕುಂಥಿಯಾಳದು. ಗಾಜಿನ ಚೂರು ಹೆಕ್ಕಿ, ಕಲೆಯಾದ ಸ್ಪಂಜು ಕಿತ್ತು, ಹೊಸದು ತುಂಬಿ ಹೊದಿಕೆ ಹೊಲಿಯಬೇಕು. ಕೂದಲಿನ ಕ್ಲಿಪ್ಪು, ಮಗುವಿನ ಒಂಟಿ ಕಾಲುಚೀಲ, ಅರ್ಧ ತಿಂದ ಮಿಠಾಯಿ, ಸಿಕ್ಕಿದ್ದನ್ನೆಲ್ಲ ಡಬ್ಬಿಯೊಂದರಲ್ಲಿ ಕೂಡಿಟ್ಟು ತಿಂಗಳಿಗೊಮ್ಮೆ ಊದುಬತ್ತಿ ಹಚ್ಚಿ ಸುಡುತ್ತಿದ್ದಳು. ಅದಕ್ಕಿಂತ ಹೆಚ್ಚು ಯೋಚಿಸಲು ಹೋಗುತ್ತಿರಲಿಲ್ಲ. ಹೋಗಿದ್ದರೆ ಆ ಕೆಲಸದಲ್ಲಿ ಹತ್ತೊಂಬತ್ತು ದಿನವೂ ನಿಲ್ಲುತ್ತಿರಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ತಿಳಿನೀಲಿ ಕಾರೊಂದು ಬಂತು. ಬಲಗಡೆಯ ಬಾಗಿಲು ಒಳಕ್ಕೆ ನುಗ್ಗಿತ್ತು, ಉಳಿದದ್ದೆಲ್ಲ ನೆಟ್ಟಗಿತ್ತು. ಬಾಗಿಲು ಬದಲಾದ ಮೇಲೆ ಕುಂಥಿಯಾ ಎಡಗಡೆಯ ಚಾಲಕನ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದಳು. ಎದುರಿಗೆ ಕೆಂಪು ದೀಪ ಹತ್ತಿತು. ಟಿಣ್, ಟಿಣ್, ಟಿಣ್. ಪಕ್ಕದ ಸೀಟಿನಲ್ಲಿರುವವರು ಬೆಲ್ಟು ಹಾಕಿಕೊಂಡಿಲ್ಲ ಎಂದು ಕಾರು ಹೇಳುತ್ತಿತ್ತು.

ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ.

ಕರೆಂಟಿನ ಕೆಲಸದ ವುಥಾನನ್ನು ಕೂಗಿದಳು. ಅಂಗಳದಲ್ಲಿ ಅವಳನ್ನು ಗೋಳುಹೊಯ್ದುಕೊಳ್ಳುವ ಸಲಿಗೆ ಇದ್ದದ್ದು ಅವನೊಬ್ಬನಿಗೇ.

"ನೀರು ಕುಡ್ದಿರತ್ತೆ ಅಕ್ಕಾ. ಸೀಟಿನ ಕೆಳಗೆ ತೂಕ ನೋಡೋ ಪಟ್ಟಿ ಇರತ್ತಲ್ಲ, ಅದು ಕೆಟ್ಟಿರತ್ತೆ. ಹೆದ್ರಿದ್ಯಾ?"

"ಹೆದ್ರೋಕೆ ನಿನ್ ಮೂತಿ ನೋಡಿದ್ದೇ ಸಾಕು. ಸರಿ ಮಾಡು, ಹೋಗು."

ಅವನು ಬೇರೆ ಕಾರಿನ ಪಟ್ಟಿ ತಂದು ಜೋಡಿಸಿದ. ಅವಳು ಸ್ಪಂಜು ಬದಲಿಸಿದಳು. ಕೀಲಿ ತಿರುಗಿಸಿದರೆ ಮತ್ತೆ ಟಿಣ್, ಟಿಣ್. ವುಥಾ ಇನ್ನೊಂದು ಪಟ್ಟಿ ತಂದ. ಅದೂ ಅಷ್ಟೇ. ಅವನು ತಲೆ ಕೆರೆದುಕೊಳ್ಳುತ್ತಿದ್ದಾಗ ಕುಂಥಿಯಾ ಸುಮ್ಮನೆ ಕೈಚಾಚಿ ಬೆಲ್ಟನ್ನು ಎಳೆದು, ಖಾಲಿ ಸೀಟಿನ ಮೇಲೆ ಹಾಯಿಸಿ, ಕೊಂಡಿಗೆ ಸಿಕ್ಕಿಸಿದಳು. ಸದ್ದು ನಿಂತಿತು. ಬೆಲ್ಟು ಮಾತ್ರ ಸೀಟಿಗೆ ಅಂಟಿಕೊಳ್ಳದೆ, ಗೇಣುದ್ದ ಮೇಲೆ ಬಿಗಿಯಾಗಿ ನಿಂತಿತ್ತು. ವುಥಾ ಎರಡು ಹೆಜ್ಜೆ ಹಿಂದೆ ಸರಿದ.

"ವೈರ್ ಕತ್ತರ್ಸಿ ಬಿಸಾಕ್ರೋ," ಎಂದ ಲೆಂಗ್, ವಿಷಯ ತಿಳಿದಾಗ. "ಹಬ್ಬದ್ ಮುಂಚೆ ಮಾರ್ಬೇಕು ಅದನ್ನ."

ಕತ್ತರಿಸಿದರು. ಕಾರು ಬಾಯಿ ಮುಚ್ಚಿತು. ಮಧ್ಯಾಹ್ನ ಕುಂಥಿಯಾ ಹಿಂದಿನ ಸೀಟಿನಲ್ಲಿ ಕೂತು ಹೊಲಿಗೆ ಹಾಕುತ್ತಿದ್ದಾಗ, ತಾನೇ ತುಂಬಿದ ಮುಂದಿನ ಸೀಟಿನ ಹೊಸ ಸ್ಪಂಜು ನಡುವೆ ತಗ್ಗಿರುವುದು ಕಂಡಿತು. ತಟ್ಟಿ ಉಬ್ಬಿಸಿದಳು. ಊಟ ಮುಗಿಸಿ ಬಂದರೆ ಮತ್ತೆ ತಗ್ಗು. ಅಂಗೈಯಿಟ್ಟು ನೋಡಿದಳು. ಬಿಸಿಯಿರಲಿಲ್ಲ. ಸುಡುಬಿಸಿಲಲ್ಲಿ ನಿಂತ ಕಾರಿನಲ್ಲಿ ಅಷ್ಟು ಜಾಗ ಮಾತ್ರ ತಣ್ಣಗಿತ್ತು. ಅವಳಿಗೆ ಹೆದರಿಕೆಗಿಂತ ಹೆಚ್ಚಾಗಿ ಪಾಪ ಅನ್ನಿಸಿತು. ಇದ್ದ ಒಂದು ದನಿಯನ್ನೂ ತಾವೇ ಕತ್ತರಿಸಿದೆವಲ್ಲ ಎಂದುಕೊಂಡಳು.

ಕುಂಥಿಯಾ ಒಂಬತ್ತು ವರ್ಷದವಳಿದ್ದಾಗ, ಪೋಲ್ ಪಾಟನ ಆಳ್ವಿಕೆಯಲ್ಲಿ, ಜ್ವರ ಬಂದ ಅವಳ ಅಕ್ಕನನ್ನು ಎತ್ತಿನಗಾಡಿಯಲ್ಲಿ ಮಲಗಿಸಿಕೊಂಡು ಹೋಗಿದ್ದರು. ಎಲ್ಲಿಗೆ ಎಂದು ಕೇಳುವ ಕಾಲವಲ್ಲ ಅದು. ಗಾಡಿ ಬರಿದಾಗಿ ಮರಳಿತು. ಅಂದಿನಿಂದ ಅಕ್ಕನದು ಅಂತ ಉಳಿದದ್ದು ಹೆಸರೊಂದೇ. ಸತ್ತವರು ಅನ್ನ ಹುಡುಕಿಕೊಂಡು ಬರುವ ಪ್ಚುಂ ಬೆನ್ ಹಬ್ಬದ ಹದಿನೈದು ದಿನಗಳಲ್ಲಿ, ಪ್ರತಿ ವರ್ಷ ಅವಳು ಬೌದ್ಧ ವಿಹಾರಕ್ಕೆ ಹೋಗಿ ಆ ಹೆಸರು ಬರೆದ ಚೀಟಿಯನ್ನು ಗುರುಗಳ ಕೈಗೆ ಕೊಡುತ್ತಿದ್ದಳು. ಹೆಸರು ಕೂಗಿದರೆ ತಾನೆ ಬರುವುದು?

ನೀಲಿ ಕಾರಿನವರ ಹೆಸರು ಯಾರಿಗೆ ಗೊತ್ತು? ಮುಂದಿನ ಗಾಜಿನ ಮೂಲೆಯ ತಗಡಿನಲ್ಲಿ ಕಾರಿನ ನಂಬರು ಕೊರೆದಿತ್ತು, ಅಕ್ಷರ ಅಂಕಿ ಸೇರಿ ಹದಿನೇಳು. ಅದನ್ನೇ ಒಂದೊಂದಾಗಿ ನೋಡಿ ಚೀಟಿಯಲ್ಲಿ ಬರೆದುಕೊಂಡಳು.

ವಿಹಾರದಲ್ಲಿ ಅಂದು ಜನವೋ ಜನ. ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿ ಕಡುಬಿನ ವಾಸನೆ ತುಂಬಿತ್ತು. ಹಿರಿಯ ಗುರುಗಳು ಅಕ್ಕನ ಹೆಸರು ಓದಿ, ಕೆಳಗಿನ ಸಾಲು ನೋಡಿ ನಿಂತರು.

"ಇದ್ಯಾರಮ್ಮ?"

"ಹೆಸ್ರು ಗೊತ್ತಿಲ್ಲ ಗುರುಗಳೇ. ಅದು ಕಾರಿನ ನಂಬ್ರು."

"ಗಂಡೋ, ಹೆಣ್ಣೋ?"

"ಅದೂ ಗೊತ್ತಿಲ್ಲ. ಬಲಗಡೆ ಕೂತಿದ್ದೋರು."

ಹಿಂದೆ ಯಾರೋ ಹೆಂಗಸರು ಕಿಸಕ್ಕೆಂದರು. ಗುರುಗಳು ನಗಲಿಲ್ಲ. ಒಂದೊಂದೇ ಅಕ್ಷರವನ್ನು, ಒಂದೊಂದೇ ಅಂಕಿಯನ್ನು, ಹೆಸರು ಕೂಗುವ ದನಿಯಲ್ಲೇ ಓದತೊಡಗಿದರು. ಅರ್ಧಕ್ಕೆ ಬರುವಷ್ಟರಲ್ಲಿ ಹಿಂದಿನ ನಗು ತಾನಾಗಿ ಅಡಗಿತು. ಹದಿನೇಳನೆಯದು ಮುಗಿದ ಮೇಲೆ ಅವರು ತಲೆಯೆತ್ತಿ ಕುಂಥಿಯಾಳನ್ನು ನೋಡಿದರು. ಆಮೇಲೆ ಅವಳ ಬಲಪಕ್ಕದ ಖಾಲಿ ಚಾಪೆಯನ್ನು ನೋಡಿದರು.

"ಇಬ್ರೂ ಊಟ ಮಾಡ್ಕೊಂಡು ಹೋಗಿ," ಎಂದರು.

ಅವಳು ಎರಡು ತಟ್ಟೆ ಬಡಿಸಿಕೊಂಡಳು. ಪಕ್ಕದ ತಟ್ಟೆಯ ಕಡೆ ಕಣ್ಣು ಹಾಯಿಸದೆ ಉಂಡಳು. ಎದ್ದಾಗ ಅದರಲ್ಲಿ ಅನ್ನ ಹಾಗೇ ಇತ್ತು. ಆದರೆ ಗಂಟೆಹೊತ್ತು ಬಿಸಿಲಿಗಿಟ್ಟಂತೆ ಒಣಗಿ ಬಿಡಿಬಿಡಿಯಾಗಿತ್ತು. ಅವಳ ತಟ್ಟೆಯಲ್ಲಿ ಉಳಿದ ತುತ್ತಿನಲ್ಲಿ ಇನ್ನೂ ಹಬೆಯಿತ್ತು.

ಮನೆಗೆ ಹೊರಟಾಗ ಅವಳ ಹಳೆಯ ಬೈಕು ಎಳೆಯಲಾರದೆ ಎಳೆಯಿತು. ಸೇತುವೆ ಏರುವಾಗಲಂತೂ ಹಿಂದೆ ಒಬ್ಬರು ಕೂತಂತೆ ಏದುಸಿರು ಬಿಟ್ಟಿತು. ಕುಂಥಿಯಾ ಹಿಂದಿರುಗಿ ನೋಡಲಿಲ್ಲ. ಸೇತುವೆಯ ಆಚೆ ನದಿಗೆ ಇಳಿಯುವ ಮೆಟ್ಟಿಲುಗಳ ಬಳಿ ನಿಲ್ಲಿಸಿ, ಎರಡೂ ಕಾಲು ನೆಲಕ್ಕೂರಿ, "ಇಲ್ಲಿ ಇಳ್ಕೊಳಿ. ನೀರಿನ ಜಾಡು ಹಿಡ್ದು ಹೋದ್ರೆ ಸಮುದ್ರ ಸಿಗತ್ತೆ. ನಿಮ್ಮೂರು ಅದರಾಚೆ," ಎಂದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹಿಂದಿನ ಸ್ಪ್ರಿಂಗು ಕಿರ್ರೆಂದು ಮೇಲಕ್ಕೆದ್ದಿತು.

ಹಬ್ಬ ಮುಗಿದು ಅಂಗಳ ತೆರೆದ ದಿನ, ಇನ್ನೂ ಮಾರಾಟವಾಗದೆ ನಿಂತಿದ್ದ ನೀಲಿ ಕಾರಿನ ವೈರನ್ನು ವುಥಾನ ಕೈಯಲ್ಲಿ ಮತ್ತೆ ಕೂಡಿಸಿದಳು. ಕೀಲಿ ತಿರುಗಿಸಿದಳು. ದೀಪವೂ ಇಲ್ಲ, ಸದ್ದೂ ಇಲ್ಲ. ಸೀಟು ಉಬ್ಬಿಕೊಂಡೇ ಇತ್ತು. ಆ ವಾರವೇ ಸೂಲಗಿತ್ತಿಯೊಬ್ಬಳು ಕಾರು ಕೊಂಡಳು. ಅವಳಿಂದ ಯಾವ ದೂರೂ ಬರಲಿಲ್ಲ.

"ಅಕ್ಕಾ, ನಿಂಗೆ ಗೊತ್ತಾಗಿತ್ತಾ ಮೊದ್ಲೇ?" ಎಂದು ವುಥಾ ಒಮ್ಮೆ ಕೇಳಿದ.

"ಏನು ಗೊತ್ತಾಗೋದು? ಕೂತೋರಿಗೆ ಇಳಿಯೋ ಜಾಗ ಯಾರೂ ಹೇಳಿರ್ಲಿಲ್ಲ, ಅಷ್ಟೆ."

ಆಮೇಲೆ ಅವಳು ಆರು ವರ್ಷ ದುಡಿದಳು. ಬಂದ ಪ್ರತಿ ಕಾರಿನ ನಂಬರನ್ನೂ ಬರೆದಿಟ್ಟಳು. ಕಣ್ಣು ಮಂಜಾಗಿ ಕೆಲಸ ಬಿಡುವ ಹೊತ್ತಿಗೆ ಅಕ್ಕಪಕ್ಕದ ಅಂಗಳಗಳ ಸೀಟು ಹೊಲಿಯುವವರೂ ಚೀಟಿ ಕಳಿಸುತ್ತಿದ್ದರು. ಗುರುಗಳು ಎಲ್ಲವನ್ನೂ ಓದುತ್ತಿದ್ದರು. ಹಾಗೆ ಓದುವ ದಿನ ವಿಹಾರದಲ್ಲಿ ಕುಂಥಿಯಾಳ ಬಲಪಕ್ಕದ ಚಾಪೆಗಳ ಮೇಲೆ, ಜನ ಎಷ್ಟೇ ಕಿಕ್ಕಿರಿದಿರಲಿ, ಯಾರೂ ಕೂರುತ್ತಿರಲಿಲ್ಲ. ಕೂರಬೇಡಿ ಎಂದು ಅವರಿಗೆ ಯಾರೂ ಹೇಳಿರಲೂ ಇಲ್ಲ.