ಗುಡ್ಡದ ದನಿಯನ್ನು ಕಂಬಕ್ಕೆ ಕಟ್ಟಿದವನು

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ದುರಗೇಶ ಹಮಾಲ. ವಯಸ್ಸು ನಲವತ್ತೆಂಟು. ಇಪ್ಪತ್ತು ವರ್ಷ ಚೀಲ ಹೊತ್ತು ಬೆನ್ನು ತುಸು ಬಾಗಿದೆ. ಮಾತು ಕಡಿಮೆ. ಮೊದಲು ಹೀಗಿರಲಿಲ್ಲ ಎಂದು ಜೊತೆಯ ಹಮಾಲರು ಹೇಳುತ್ತಾರೆ. ಲಾರಿ ಬರುವವರೆಗೆ ಹಕ್ಕಿ, ನಾಯಿ, ಮಾಲೀಕ ಎಲ್ಲರ ದನಿಯನ್ನೂ ತೆಗೆದು ನಗಿಸುತ್ತಿದ್ದವನು ಹೋದ ಬೇಸಿಗೆಯಿಂದ ಯಾರ ದನಿಯನ್ನೂ ತೆಗೆದಿಲ್ಲ.

ಅವನು ಹುಟ್ಟಿದ್ದು ಹನುಮನಹಳ್ಳಿಯಲ್ಲಿ. ತಾಯಿ ಮಾರೆವ್ವ ಬಾಳೆ ತೋಟಗಳನ್ನು ಕಾಯುತ್ತಿದ್ದಳು. ಮಂಗ ಓಡಿಸಲು ಅವಳ ಹತ್ತಿರ ಇದ್ದದ್ದು ಒಂದು ತಗಡಿನ ಡಬ್ಬಿ, ಒಂದು ಕವಣೆ. ಕರಿಮುಖದ ಮುಸುವಗಳ ದನಿಗಳನ್ನು ಗುರುತಿಸಲು ಮಗನಿಗೆ ಕಲಿಸಿದವಳೂ ಅವಳೇ. ಬೆಳಗ್ಗೆ ಗುಂಪಿನ ಗಂಡು ಬಂಡೆ ಮೇಲೆ ಕೂತು ಹೂಪ್ ಹೂಪ್ ಎನ್ನುವುದು ಪಕ್ಕದ ಗುಂಪಿಗೆ ತಾನಿರುವ ಜಾಗ ಹೇಳಲು. ಮರಿಯನ್ನು ಕರೆಯುವಾಗ ತಾಯಿ ಮುಸುವ ಗಂಟಲಲ್ಲೇ ಗುನುಗುತ್ತದೆ. ಇನ್ನೊಂದು, ಒಣ ಕೆಮ್ಮಿನಂಥ ಒರಟು ಕೂಗು. ಅದು ಬರುವುದು ಚಿರತೆ ಕಂಡಾಗ. ಅದನ್ನು ಕೇಳಿದರೆ ಕೆಂಪು ಮಂಗಗಳು ಬಂಡೆ ಏರುತ್ತಿದ್ದವು, ಆಡುಗಳು ತಲೆ ಎತ್ತುತ್ತಿದ್ದವು, ಕಟ್ಟಿಗೆಗೆ ಹೋದ ಹೆಂಗಸರು ಹೊರೆಯನ್ನು ಅಲ್ಲೇ ಬಿಟ್ಟು ಇಳಿಯುತ್ತಿದ್ದರು.

ಮೊದಲೆರಡನ್ನು ದುರಗೇಶ ಅನುಕರಿಸಿದಾಗ ಮಾರೆವ್ವ ನಕ್ಕಿದ್ದಳು. ಮೂರನೆಯದಕ್ಕೆ ಕೆನ್ನೆಗೆ ಹೊಡೆದಳು. "ಇದನ್ನ ನೀ ಕೂಗಿದ್ರ, ನಾಳಿ ಅದು ಕೂಗಿದಾಗ ಯಾರ ಓಡ್ತಾರ?"

ಮದುವೆಯಾದ ಮೇಲೆ ಅವನು ಗಂಗಾವತಿಯ ಅಂಚಿಗೆ, ಒಂದು ಬಂಡೆಗುಡ್ಡದ ಬುಡದ ಓಣಿಗೆ ಬಂದ. ಅಲ್ಲಿಯ ಬಯಲಿನಲ್ಲಿ ಬೆಳಗ್ಗೆ, ಸಂಜೆ ಕಾಯಿಪಲ್ಲೆ ಸಂತೆ. ಹೆಂಡತಿ ಫಕೀರಮ್ಮ ಅಲ್ಲಿ ಪುಂಡಿಪಲ್ಲೆ, ರಾಜಗಿರಿ ಮಾರುತ್ತಾಳೆ. ಗುಡ್ಡದ ಕೆಂಪು ಮಂಗಗಳ ಕಾಟ ಮಿತಿಮೀರಿದಾಗ, ಸಂತೆಯನ್ನು ಎರಡೂವರೆ ಕಿಲೋಮೀಟರ್ ಆಚೆ ಬೈಪಾಸ್ ಹತ್ತಿರಕ್ಕೆ ಸಾಗಿಸುವ ನಕ್ಷೆ ನಗರಸಭೆಯಲ್ಲಿ ತಯಾರಾಯಿತು. ಆದರೆ ಅಷ್ಟರಲ್ಲಿ ಓಣಿಗೊಂದು ವಾರ್ಡ್ ಸಮಿತಿ ಆಗಿತ್ತು. ಆ ಬಯಲು ಏನಾಗಬೇಕು ಎಂಬುದನ್ನು ಮೊದಲ ಸಲ ಓಣಿಯವರನ್ನೇ ಕೇಳಲಾಯಿತು. ದುರಗೇಶ ಸಮಿತಿಯ ಸದಸ್ಯ. ಪಂಕ್ಚರ್ ಅಂಗಡಿಯ ಹುಸೇನಬಾಷಾ ಅಧ್ಯಕ್ಷ. ಠರಾವು ಬರೆಯಲು ನಗರಸಭೆಯಿಂದ ಬರುತ್ತಿದ್ದವರು ವಿಜಯಲಕ್ಷ್ಮಿ.

"ನಮ್ಮ ಓಣಿ ನಕ್ಷಾ ಎಲ್ಲೋ ಕುಂತವ್ರು ಯಾಕ ತೆಗೀಬೇಕ್ರಿ?" ಎಂದ ಹುಸೇನಬಾಷಾ. "ಸಂತಿ ಇಲ್ಲೇ ಇರಲಿ. ಮಂಗ್ಯಾಗೋಳನ್ನ ನಾವು ನೋಡ್ಕೋತೀವಿ ಅಂತ ಬರೀರಿ, ಮೇಡಂ."

"ಹೆಂಗ ನೋಡ್ಕೋತೀರಿ ಅಂತನೂ ಬರೀಬೇಕಲ್ರಿ?"

ದುರಗೇಶ ಎದ್ದು ಹೊರಗೆ ಹೋಗಿ, ಎರಡೂ ಕೈ ಬಾಯಿಗೆ ಹಿಡಿದು ಆ ಮೂರನೆಯ ಕೂಗು ಕೂಗಿದ. ತಗಡಿನ ಮಾಡಿನ ಮೇಲಿದ್ದ ಮಂಗಗಳು ಸಾಲಾಗಿ ಗುಡ್ಡ ಹತ್ತಿದವು. ಒಂದೂ ಹಿಂದೆ ನೋಡಲಿಲ್ಲ.

"ಮನ್ಯಾಗ ಬರೇ ಗೊರಕಿ ಹೊಡೀತಿದ್ರಿ," ಎಂದಳು ಫಕೀರಮ್ಮ. "ಇದನ್ನ ಎಲ್ಲಿ ಮುಚ್ಚಿಟ್ಟಿದ್ರಿ?"

ಹುಸೇನಬಾಷಾ ಆ ಕೂಗನ್ನು ಮೊಬೈಲಿನಲ್ಲಿ ಹಿಡಿದುಕೊಂಡ. ಸಂತೆಯ ನಡುವಿನ ಕಂಬಕ್ಕೆ ಮೈಕ್ ಕಟ್ಟಲಾಯಿತು. ಕಾಲು ಗಂಟೆಗೊಮ್ಮೆ ದುರಗೇಶನ ದನಿ ತಾನಾಗಿ ಮೊಳಗಬೇಕು, ಆರು ತಿಂಗಳು ನೋಡಿ ಮುಂದಿನದನ್ನು ಓಣಿಯೇ ತೀರ್ಮಾನಿಸಬೇಕು ಎಂದು ಠರಾವಾಯಿತು. ಮೈಕ್ ಶುರುವಾದ ದಿನ ದುರಗೇಶನಿಗೆ ಶಾಲು ಹೊದಿಸಿದರು. ಮೊದಲ ಕೂಗು ಕಂಬದಿಂದ ಬಂದಾಗ ಅವನ ಕೈ ತಾನಾಗಿ ಕೆನ್ನೆಗೆ ಹೋಯಿತು. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹೆಗಲ ಮೇಲೆ ಶಾಲು ಇತ್ತು, ಸುತ್ತಲೂ ಚಪ್ಪಾಳೆ ಇತ್ತು, ಸಂತೆ ಉಳಿದಿತ್ತು.

ಎರಡು ತಿಂಗಳಿಗೆ ಮಂಗಗಳು ಮೈಕಿನ ಮೇಲೇ ಕೂತು ಟೊಮ್ಯಾಟೊ ತಿನ್ನತೊಡಗಿದವು. ದನಿ ಹೆಚ್ಚಿಸಿದರು. ಕಾಲು ಗಂಟೆಗೊಮ್ಮೆ ಇದ್ದದ್ದು ಐದು ನಿಮಿಷಕ್ಕೊಮ್ಮೆ ಆಯಿತು. ರೂಢಿಯಾದದ್ದು ಮಂಗಗಳಿಗೆ ಮಾತ್ರವಲ್ಲ. ಓಣಿಯ ನಾಯಿಗಳು ಕಿವಿ ಎತ್ತುವುದನ್ನು ಬಿಟ್ಟವು, ಜನ ಆ ಕೂಗಿನ ನಡುವೆಯೇ ಚೌಕಾಸಿ ಮಾಡತೊಡಗಿದರು.

ಏಪ್ರಿಲಿನ ಒಂದು ಸಂಜೆ, ಸಂತೆ ತುಂಬಿದ್ದ ಹೊತ್ತಿನಲ್ಲಿ, ಗುಡ್ಡದ ಇಳಿಜಾರಿನಲ್ಲಿ ಚಿರತೆ ಇಮಾಮಬಾನುವಿನ ಎರಡು ಆಡು ಹಿಡಿಯಿತು. ಬಿಡಿಸಲು ಹೋದ ಮುದುಕಿಯ ಹೆಗಲನ್ನು ಪಂಜದಿಂದ ಸೀಳಿತು. ಅವಳು ದುರಗೇಶನ ಮನೆಯಿಂದ ಮೂರನೆಯ ಮನೆಯವಳು. ಅವನು ಆಸ್ಪತ್ರೆಗೆ ಹೋದಾಗ ಅವಳೇ ಮೊದಲು ಮಾತು ತೆಗೆದಳು.

"ಗುಡ್ಡದ ಮ್ಯಾಲಿನ ಮುಸುವ ಕೂಗಿದ್ದು ಕೇಳಿತ್ತಪಾ. ನಿನ್ನ ಮೈಕ್ ಅನ್ಕೊಂಡೆ. ಎಲಿ ಅಡಿಕಿ ಬಾಯಾಗಿತ್ತು, ಏಳಲಿಲ್ಲ." ನಕ್ಕಳು, ನೋವಿಗೆ ನಗು ಅರ್ಧಕ್ಕೆ ನಿಂತಿತು. "ಆಡು ಸೈತ ತಲಿ ಎತ್ತಲಿಲ್ಲ ನೋಡು. ಅವಕ್ಕೂ ನೀ ಭಾಳ ಪರಿಚಯ ಆಗಿದ್ದಿ."

ಅವಳ ಮಾತಿನಲ್ಲಿ ಬೈಗುಳ ಇರಲಿಲ್ಲ. ಬೈದಿದ್ದರೆ ದುರಗೇಶ ಉತ್ತರ ಕೊಡುತ್ತಿದ್ದ. ತಂದಿದ್ದ ಮೋಸಂಬಿ ಚೀಲವನ್ನು ಮಂಚದ ಕೆಳಗಿಟ್ಟು, ಬ್ಯಾಂಡೇಜಿನ ಕಡೆ ನೋಡದೆ ಹೊರಗೆ ಬಂದ.

ಆರು ತಿಂಗಳ ಸಭೆಗೆ ಒಂಬತ್ತು ದಿನ ಉಳಿದಿತ್ತು. ಪಂಕ್ಚರ್ ಅಂಗಡಿಗೆ ಹೋಗಿ ಹುಸೇನಬಾಷಾನಿಗೆ ಎಲ್ಲ ಹೇಳಿದ. "ಚಿರತಿ ಗುಡ್ಡದ್ದು, ಬಂದೈತಿ," ಎಂದ ಅವನು, ಟ್ಯೂಬನ್ನು ನೀರಿನಲ್ಲಿ ಅದ್ದುತ್ತ. "ನೀ ಬಾಯಿ ಬಿಟ್ರ ಸಂತಿ ಹೋಗ್ತೈತಿ. ಆಮೇಲೆ ನಮ್ಮನ್ನ ಯಾರ ಕೇಳ್ತಾರ?" ಮನೆಯಲ್ಲಿ ಫಕೀರಮ್ಮ ಅಷ್ಟೂ ಹೇಳಲಿಲ್ಲ. "ದಿನಾ ಬೈಪಾಸಿಗೆ ಬುಟ್ಟಿ ನೀವು ಹೊರ್ತೀರೇನು?" ಎಂದು ಕೇಳಿ ದೀಪ ಆರಿಸಿದಳು.

ಸಭೆಯ ದಿನ ವಿಜಯಲಕ್ಷ್ಮಿ ಕರಡು ಓದಿದರು. ಪ್ರಯೋಗ ಯಶಸ್ವಿ, ಇನ್ನೂ ಮೂರು ವಾರ್ಡಿನವರು ಇದೇ ದನಿ ಕೇಳಿದ್ದಾರೆ ಎಂದಿತ್ತು. ಕೈ ಎತ್ತುವ ಹೊತ್ತಿಗೆ ದುರಗೇಶ ಎದ್ದು ನಿಂತ. ಕಣ್ಣು ತನ್ನ ಚಪ್ಪಲಿಯ ಮೇಲಿತ್ತು.

"ಅದು ಮಂಗ್ಯಾ ಓಡಿಸೂ ಕೂಗಲ್ರಿ. ಚಿರತಿ ಬಂತು ಅನ್ನೂ ಕೂಗು. ನಮ್ಮವ್ವ ಕೂಗಬ್ಯಾಡ ಅಂದಿದ್ಲು. ಗೊತ್ತಿದ್ದೂ ಕೂಗಿದೆ. ಇಮಾಮಬಾನು ಚಿಗವ್ವ ಎದ್ದು ಬರಲಿಲ್ಲಲ್ಲ, ಅದು ನನ್ನಿಂದ."

ವಿಜಯಲಕ್ಷ್ಮಿಯ ಪೆನ್ನು ನಿಂತಿತು. "ಇದನ್ನ ಬರೀಬೇಕೇನ್ರಿ?"

"ಬರೀರಿ. ನನ್ನ ಹೆಸರ ಹಾಕಿ ಬರೀರಿ."

ಹುಸೇನಬಾಷಾ ಗೋಡೆಯ ಕಡೆ ಮುಖ ತಿರುಗಿಸಿದ. ಹಿಂದಿನ ಸಾಲಿನಿಂದ ಫಕೀರಮ್ಮನ ಸಿಟ್ಟಿನ ದನಿ ಬಂತು: "ಅಷ್ಟ ಬರೀಬ್ಯಾಡ್ರಿ. ನಾವೆಲ್ಲಾ ಚಪ್ಪಾಳಿ ಹೊಡದೀವಿ ಅಂತನೂ ಬರೀರಿ."

ಹಾಗೆಯೇ ಬರೆದರು. ಮೈಕ್ ಇಳಿಸಬೇಕು ಎಂದಾಯಿತು. ಮಂಗಗಳಿಗೆ ಬೇರೆ ದಾರಿ ಯಾರಿಗೂ ತೋಚಲಿಲ್ಲ. ಸಂಜೆಯವರೆಗೆ ಜಗಳವಾಡಿ, ಸಂತೆ ಬೈಪಾಸಿಗೆ ಹೋಗಲಿ ಎಂದು ಓಣಿಯೇ ಕೈ ಎತ್ತಿತು. ಬೇರೆಯವರು ಕಿತ್ತುಕೊಂಡರು ಎನ್ನಲೂ ಯಾರಿಗೂ ಬಾಯಿ ಉಳಿಯಲಿಲ್ಲ. ದುರಗೇಶನೂ ಕೈ ಎತ್ತಿದ, ಭುಜದ ಮಟ್ಟಕ್ಕೆ ಮಾತ್ರ.

ಈಗ ಫಕೀರಮ್ಮನ ಬುಟ್ಟಿಯನ್ನು ಬೆಳಗ್ಗೆ ಐದಕ್ಕೆ ಅವನೇ ಬೈಪಾಸಿಗೆ ಹೊತ್ತು ಹಾಕಿ ಗಿರಣಿಗೆ ಹೋಗುತ್ತಾನೆ. ಬಯಲಿನಲ್ಲಿ ಕಂಬ ಇನ್ನೂ ಇದೆ, ಬರಿದಾಗಿ. ಇಮಾಮಬಾನುವಿನ ಹೆಗಲು ಮಾಯ್ದಿದೆ, ಕೈ ಪೂರ್ತಿ ಮೇಲೆ ಏಳುವುದಿಲ್ಲ. ಉಳಿದ ಐದು ಆಡು ಹೊಡೆದುಕೊಂಡು ಅದೇ ಇಳಿಜಾರಿಗೆ ಹೋಗುತ್ತಾಳೆ. ಮೈಕ್ ಹೋಗಿ ತಿಂಗಳುಗಳಾದರೂ ಅವಳ ಕಿವಿಗೆ ಇನ್ನೂ ನಂಬಿಕೆ ಬಂದಿಲ್ಲ. ಗುಡ್ಡದಿಂದ ಆ ಒಣ ಕೆಮ್ಮು ಕೇಳಿದಾಗಲೆಲ್ಲ ಅವಳು ಫೋನ್ ಮಾಡುತ್ತಾಳೆ. ಗಿರಣಿಯ ಸದ್ದಿನ ನಡುವೆ ದುರಗೇಶ ಹೆಗಲ ಮೇಲಿನ ಚೀಲ ಇಳಿಸಿ ಫೋನ್ ಎತ್ತುತ್ತಾನೆ.

"ದುರಗೇಶಾ, ನೀನೇನಪಾ?"

"ನಾನಲ್ಲ ಬೇ. ಆಡು ಹೊಡ್ಕೊಂಡು ಒಳಗ ನಡಿ."

ಆಡುಗಳ ಕೂಗು, ಆಮೇಲೆ ಬಾಗಿಲ ಚಿಲಕ ಬಿದ್ದ ಸದ್ದು ಕೇಳುವವರೆಗೆ ಅವನು ಫೋನ್ ಇಡುವುದಿಲ್ಲ. ಹಿಂದೆ ಲಾರಿಯವನು ಕೂಗುತ್ತಿರುತ್ತಾನೆ.