ತರೀಕೆರೆಯ ಪೈಲ್ವಾನ ಬಿದ್ದ ಸೋಮವಾರ

ಮೊನ್ನೆ ಕುಂಡದ ಕರಿಬೇವಿನ ಗಿಡಕ್ಕೆ ಹುಳಿಮಜ್ಜಿಗೆ ಸುರಿದೆ. ಗಿಡ ಸೊರಗುತ್ತಿದೆ ಎಂದು ಹಲವು ದಿನಗಳಿಂದ ನನಗೆ ಸರಿಯಾಗಿ ನಿದ್ದೆ ಇರಲಿಲ್ಲ. ನನ್ನ ನಿದ್ದೆ ಕೆಡಲು ಅಷ್ಟು ಸಾಕು, ಐವತ್ತು ದಾಟಿದ ಮೇಲೆ ಅಷ್ಟೂ ಬೇಕಿಲ್ಲ. ಒಣಗಿ ಬಿರಿದಿದ್ದ ಕೆಮ್ಮಣ್ಣು ಮಜ್ಜಿಗೆಯನ್ನು ಹೀರಿಕೊಳ್ಳುತ್ತ ಒಂದು ವಾಸನೆಯನ್ನು ಮೇಲಕ್ಕೆ ಬಿಟ್ಟಿತು ನೋಡಿ, ಕೈಯಲ್ಲಿದ್ದ ಚೊಂಬು ಹಾಗೇ ನಿಂತುಹೋಯಿತು. ಹುಳಿ, ಮಣ್ಣು, ಎಲ್ಲಿಂದಲೋ ಒಂದೆಳೆ ಅರಿಶಿನ. ಮರುಕ್ಷಣ ನಾನು ಅಜ್ಜಂಪುರದ ನಮ್ಮ ಮನೆಯ ಹಿತ್ತಲಿನಲ್ಲಿ ಅಂಗಾತ ಬಿದ್ದಿದ್ದೆ. ಎಂಟು ವರ್ಷದ ಹುಡುಗಿ, ಬಾಯಲ್ಲಿ ಮಣ್ಣು, ಎದೆಯ ಮೇಲೆ ನನ್ನ ಚಿಕ್ಕಪ್ಪ ರುದ್ರಪ್ಪ ಪೈಲ್ವಾನರ ಭಾರ.

ಆ ಹಿತ್ತಲಿನ ಒಂದು ಸೋಮವಾರ ಏನೇನು ಕೆಡಬಹುದಿತ್ತು ಎಂದು ನಾನು ಇವತ್ತಿಗೂ ಲೆಕ್ಕ ಹಾಕುತ್ತೇನೆ. ಚಿಕ್ಕಪ್ಪನ ಕೆಟ್ಟ ಮಂಡಿ ಇನ್ನೊಮ್ಮೆ ಕಳಚಬಹುದಿತ್ತು. ಮನೆಗೆ ಬಂದಿದ್ದ ತರೀಕೆರೆಯ ಪೈಲ್ವಾನರು ನಡೆದದ್ದನ್ನು ನಡೆದ ಹಾಗೆ ಹೇಳಿಬಿಡಬಹುದಿತ್ತು. ಅವರು ಸುಮ್ಮನಿದ್ದರೂ ನಾನು ಬಾಯಿ ಬಿಡಬಹುದಿತ್ತು. ಅಜ್ಜನ ಎದೆ ಅಲ್ಲೇ ನಿಂತುಹೋಗಬಹುದಿತ್ತು. ಕರು ಹಗ್ಗ ಕಿತ್ತುಕೊಂಡು ನಡುವೆ ನುಗ್ಗಬಹುದಿತ್ತು, ಮಳೆ ಬರಬಹುದಿತ್ತು, ಗೋಡೆಯಾಚೆ ಇಣುಕುತ್ತಿದ್ದ ಪಕ್ಕದ ಮನೆಯವರು ಜಾರಿ ಈಚೆಗೆ ಬೀಳಬಹುದಿತ್ತು. ಇವುಗಳಲ್ಲಿ ಯಾವುದೂ ಆಗಲಿಲ್ಲ. ಎಲ್ಲಕ್ಕೂ ನಾನು ತಯಾರಾಗಿದ್ದೆ, ಆಗಿಹೋದದ್ದಕ್ಕೆ ಮಾತ್ರ ತಯಾರಿರಲಿಲ್ಲ.

ಮೊದಲು ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಮಗ ಕುಸ್ತಿ ಆಡುವುದನ್ನು ಹೆತ್ತವರು ಕಣ್ಣಾರೆ ನೋಡಬಾರದು, ಅವರ ಕಣ್ಣೇ ಮಗನ ಮೈಗೆ ತಾಗುತ್ತದೆ ಎಂದು ನಮ್ಮಲ್ಲಿ ನಂಬಿದ್ದರು. ಹಾಗಾಗಿ ಚಿಕ್ಕಪ್ಪ ಇಪ್ಪತ್ತು ತುಂಬುವ ಮೊದಲೇ ಊರೂರಿನ ಕುಸ್ತಿಗಳಿಗೆ ಕರೆಸಿಕೊಳ್ಳುವಂಥ ಪೈಲ್ವಾನನಾದರೂ ಅಜ್ಜ ಒಂದು ಕುಸ್ತಿಯನ್ನೂ ನೋಡಿದವರಲ್ಲ. ಬಸ್ ನಿಲ್ದಾಣದವರೆಗೆ ಹೋಗಿ, ಮಗನ ಹಣೆಗೆ ವಿಭೂತಿ ಇಟ್ಟು, ಬಸ್ಸು ಹೊರಟ ಮೇಲೆ ಮನೆಗೆ ಬಂದು ಹಿತ್ತಲ ಕಲ್ಲಿನ ಮೇಲೆ ಕೂರುತ್ತಿದ್ದರು. ಊರವರು ಯಾರಾದರೂ ಮೊದಲೇ ಬಂದು ಸುದ್ದಿ ಹೇಳಹೊರಟರೆ ಕೈಯೆತ್ತಿ ತಡೆಯುತ್ತಿದ್ದರು. ಮಗನೇ ಬರಬೇಕು, ಮೈಮೇಲಿನ ಮಣ್ಣನ್ನೂ ತೊಳೆಯದೆ ಆ ಕುಸ್ತಿಯನ್ನು ಮೊದಲಿನಿಂದ ಕಡೆಯವರೆಗೆ ಹಿತ್ತಲಿನಲ್ಲಿ ಆಡಿ ತೋರಿಸಬೇಕು. ಅದಕ್ಕೆಂದೇ ಅಲ್ಲಿ ಜರಡಿ ಹಿಡಿದ ಕೆಮ್ಮಣ್ಣಿಗೆ ಮಜ್ಜಿಗೆ, ಅರಿಶಿನ, ಎಣ್ಣೆ ಕಲಸಿ ಹದ ಮಾಡಿದ ಒಂದು ಕಣವಿತ್ತು. ಆಡಿ ತೋರಿಸಲು ಎದುರಾಳಿ ಬೇಕಲ್ಲ. ನನ್ನ ಅಪ್ಪ ಒಮ್ಮೆ ನಿಂತು, ಸೊಂಟ ಹಿಡಿದುಕೊಂಡು, ವಾರವಿಡೀ ಗೋಡೆ ಹಿಡಿದು ನಡೆದರು. ಆಮೇಲೆ ಮನೆಯಲ್ಲಿ ಎತ್ತಲು ಹಗುರವಾಗಿದ್ದದ್ದು, ಎಸೆದರೆ ಮುರಿಯದ್ದು ಎಂದು ಉಳಿದವಳು ನಾನು.

ಚಿಕ್ಕಪ್ಪನ ಕುಸ್ತಿಯ ಬದುಕು ಕೆಲವೇ ವರ್ಷಗಳಲ್ಲಿ ಮುಗಿದುಹೋಯಿತು. ತರೀಕೆರೆಯಿಂದ ಒಂದು ಸಂಜೆ ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ಬಂದ. "ಗೆದ್ದೆ ಅಪ್ಪಾ, ಆದ್ರೆ ಮಂಡಿ ಹೋಯ್ತು" ಎಂದ. ಕಾಲು ನೆಟ್ಟಗಾಗಲು ತಿಂಗಳುಗಳು ಹಿಡಿದವು, ಪೂರ್ತಿ ನೆಟ್ಟಗಾಗಲೂ ಇಲ್ಲ. ಕುಸ್ತಿ ನಿಂತಿತು, ಆಡಿ ತೋರಿಸುವುದು ನಿಲ್ಲಲಿಲ್ಲ. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಚಿಕ್ಕಪ್ಪನಿಗೆ ಆ ರಿಯಾಯಿತಿ ಇರಲಿಲ್ಲ. ಪೂಜೆ ಮುಗಿಸಿ, ಇಳಿಹೊತ್ತಿಗೆ ಅಜ್ಜ ಕಲ್ಲಿನ ಮೇಲೆ ಕೂತು, "ಲೇ ರುದ್ರಾ, ಬೀರೂರಿಂದು" ಎಂದರೆ ಬೀರೂರಿನ ಕುಸ್ತಿ, "ಕಡೂರಿಂದು" ಎಂದರೆ ಕಡೂರಿನದು. ಬೀರೂರಿನವನಿಗೆ ಹೊಟ್ಟೆ ಇತ್ತಂತೆ, ಅದಕ್ಕೆ ನನ್ನ ಲಂಗದೊಳಗೆ ದಿಂಬು. ಕಡೂರಿನವನಿಗೆ ಮೀಸೆ, ಅದಕ್ಕೆ ಇದ್ದಿಲು. ಮಂಗಳವಾರ ಶಾಲೆಗೆ ಅರೆಬರೆ ಮೀಸೆಯಲ್ಲೇ ಹೋದದ್ದುಂಟು.

ಅಜ್ಜ ಸುಮ್ಮನೆ ನೋಡುವವರಲ್ಲ. "ನಿಲ್ಲು ನಿಲ್ಲು. ಅಲ್ಲಿ ಬಲಗಾಲು ಯಾಕೋ ಹಿಂದಕ್ಕಿಟ್ಟೆ?"

"ಅವತ್ತು ಹಂಗೇ ಇಟ್ಟಿದ್ದೆ ಅಪ್ಪಾ."

"ಅವತ್ತು ಇಟ್ಟಿದ್ದು ತಪ್ಪು. ಇವತ್ತು ಸರಿಯಾಗಿಡು."

"ಹಂಗಿಟ್ರೆ ಅದು ಅವತ್ತಿನ ಕುಸ್ತಿ ಆಗಕಿಲ್ವಲ್ಲಪ್ಪಾ."

"ಗೆದ್ದಿದ್ದೀಯಲ್ಲ, ಮುಚ್ಕೊಂಡು ಇಡು."

ಈ ವಾದ ನಡೆಯುವಷ್ಟು ಹೊತ್ತೂ ನಾನು ಚಿಕ್ಕಪ್ಪನ ಕಂಕುಳಲ್ಲಿ ತಲೆ ಸಿಕ್ಕಿಸಿಕೊಂಡು, ಲೋಕವನ್ನು ತಲೆಕೆಳಗಾಗಿ ನೋಡುತ್ತ ನೇತಾಡುತ್ತಿದ್ದೆ. ಅಡಿಗೆಮನೆಯ ಕಿಟಕಿಯಿಂದ ಅವ್ವ, "ಮಾವಾರೇ, ಹುಡ್ಗಿ ಈಗಿನ್ನೂ ಉಂಡೈತೆ, ವಸಿ ನೋಡ್ಕಂಡು" ಎಂದು ಕೂಗುತ್ತಿದ್ದಳು. "ಅದು ಹುಡ್ಗಿ ಅಲ್ಲ ಕಣವ್ವಾ, ಕಡೂರು ಪೈಲ್ವಾನ" ಎನ್ನುತ್ತಿದ್ದರು ಅಜ್ಜ. ನನಗೆ ಬೇಜಾರೇನಿರಲಿಲ್ಲ ಎಂದರೆ ಸುಳ್ಳು. ಆದರೆ ಆ ಮನೆಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದದ್ದು ಸೋಮವಾರ ಮಾತ್ರ.

ತರೀಕೆರೆಯ ಕುಸ್ತಿ ಅಜ್ಜನಿಗೆ ಎಲ್ಲಕ್ಕಿಂತ ಇಷ್ಟ. ಅದು ಧೋಬಿ ಪಟ್ಟಿನಲ್ಲಿ ಮುಗಿಯುತ್ತಿತ್ತು: ಎದುರಾಳಿಯ ತೋಳನ್ನು ಎಳೆದು ಹಿಡಿದು, ಅವನಿಗೆ ಬೆನ್ನು ಕೊಟ್ಟು ತಿರುಗಿ, ಬಟ್ಟೆಯನ್ನು ಕಲ್ಲಿಗೆ ಒಗೆಯುವಂತೆ ಹೆಗಲ ಮೇಲಿಂದ ಎತ್ತಿ ಮಣ್ಣಿಗೆ ಹಾಕುವುದು. ಒಂದು ಸೋಮವಾರ ಹಾಗೆ ನನ್ನನ್ನು ಹಾಕಿ, ಮೇಲೆ ಬಿದ್ದು, ಎರಡೂ ಭುಜಗಳನ್ನು ಮಣ್ಣಿಗೊತ್ತಿ ಹಿಡಿದಿದ್ದ ಚಿಕ್ಕಪ್ಪ ನನ್ನ ಕಿವಿಯ ಹತ್ತಿರ ಬಾಯಿ ತಂದು, "ಲೇ ಗಿರಿಜಾ, ಅವತ್ತು ಕೆಳಗಿದ್ದೋನು ನಾನು ಕಣೇ" ಎಂದ. ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. "ಅಜ್ಜಂಗೆ ಹೇಳ್ಬ್ಯಾಡ." ಹೂಂ ಎನ್ನಲೂ ಆಗಲಿಲ್ಲ, ಉಸಿರೇ ಇರಲಿಲ್ಲ. ಯಾಕೆ ನನಗೇ ಹೇಳಿದನೋ. ಯಾರಿಗಾದರೂ ಹೇಳಲೇಬೇಕಿತ್ತೇನೋ, ಅಷ್ಟು ಹತ್ತಿರವಿದ್ದ ಕಿವಿ ನನ್ನದೊಂದೇ. ನಾನು ಚಿಂತೆ ಮಾಡಲು ಕಲಿತದ್ದು ಅಲ್ಲಿಂದ. ಅದಕ್ಕೆ ಮುಂಚೆ ಸುಮ್ಮನೆ ಹೆದರುತ್ತಿದ್ದೆ, ಅಷ್ಟೇ.

ಆ ಸುಳ್ಳು ಎಷ್ಟು ಬಿಗಿಯಾಗಿತ್ತು ಎಂಬುದು ಆಮೇಲಾಮೇಲೆ ತಿಳಿಯಿತು. ಮನೆಗೆ ಬಂದವರಿಗೆಲ್ಲ ಅಜ್ಜ, "ನಮ್ಮ ರುದ್ರ ಸೋತು ನಿಲ್ಸಿದೋನಲ್ಲ, ಗೆದ್ದು ನಿಲ್ಸಿದೋನು" ಎನ್ನುತ್ತಿದ್ದರು. ಬಂದವರಲ್ಲಿ ನಾಲ್ಕಾರು ಜನ ತರೀಕೆರೆಗೆ ಹೋಗಿ ನೋಡಿದ್ದವರೇ. ಅವರು ಹೌದೌದು ಎಂದು ಕಾಫಿ ಲೋಟದೊಳಗೆ ನೋಡುತ್ತಿದ್ದರು. ಸೋತೆ ಎಂದು ಅಂದೇ ಹೇಳಿದ್ದರೆ ಚಿಕ್ಕಪ್ಪ ಎಲ್ಲರಂತೆ ಏನಾದರೂ ಕೆಲಸ ಹಿಡಿದು ಬದುಕಿಕೊಳ್ಳಬಹುದಿತ್ತು. ಗೆದ್ದವನಿಗೆ ಆ ದಾರಿ ಇರಲಿಲ್ಲ. ಹೊಲದಲ್ಲಿ ಬಗ್ಗಿ ದುಡಿಯಲು ಮಂಡಿ ಬಿಡುತ್ತಿರಲಿಲ್ಲ, ಬೇರೆ ಕಡೆ ಹೋಗಿ ದುಡಿಯಲು ಅಜ್ಜ ಬಿಡುತ್ತಿರಲಿಲ್ಲ. ಇಪ್ಪತ್ತೈದರ ಗಂಡಸು ವಾರವಿಡೀ ಪಡಸಾಲೆಯ ಕಂಬಕ್ಕೆ ಒರಗಿ, ಬೀರೂರಿನ ಕಡೆ ಹೋಗುವ ರೈಲಿನ ಕೂಗು ಕೇಳಿದಾಗ ಮಾತ್ರ ತಲೆಯೆತ್ತುತ್ತಿದ್ದ. ಸೋಮವಾರ ಬಂದರೆ ಎದ್ದು ತಾನು ಸೋತ ಕುಸ್ತಿಯನ್ನು ಇನ್ನೊಮ್ಮೆ ಗೆಲ್ಲುತ್ತಿದ್ದ.

ಹೀಗಿರುವಾಗ ಒಂದು ಸೋಮವಾರ ಮಧ್ಯಾಹ್ನ ಆ ತರೀಕೆರೆಯ ಪೈಲ್ವಾನರೇ ನಮ್ಮ ಮನೆಯ ಬಾಗಿಲಲ್ಲಿ ನಿಂತರು. ಮಲ್ಲೇಶಪ್ಪ ಎಂದು ಹೆಸರು. ಬಾಗಿಲು ತುಂಬುವ ಆಳು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಮುಖದಲ್ಲಿ ಮಗುವಿನಂಥ ಸಂಕೋಚ. ಚಿಕ್ಕಪ್ಪನ ಮುಖ ಬೂದಿಯಾದದ್ದನ್ನು ನಾನು ನೋಡಿದೆ. ಅವರು ಕುಸ್ತಿ ಬಿಟ್ಟು ಬೀರೂರಿನಲ್ಲಿ ಸ್ಟೇಷನ್ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದರಂತೆ. ಜೊತೆಗೊಬ್ಬ ನಂಬಿಕಸ್ಥ ಬೇಕು, ರುದ್ರಣ್ಣನನ್ನು ಕಳಿಸಿಕೊಡಿ ಎಂದು ಅಜ್ಜನನ್ನು ಕೇಳಲು ಬಂದಿದ್ದರು.

ಅಜ್ಜ ಎಲ್ಲವನ್ನೂ ಕೇಳಿದರು. ಆಮೇಲೆ ನಕ್ಕರು. "ಅಲ್ಲ ಕಣಪ್ಪಾ, ಇದೊಳ್ಳೆ ಕತೆ ಆಯ್ತು. ನಿನ್ನ ಎತ್ತಿ ಒಗೆದೋನು ನಿನ್ನ ಅಂಗಡೀಲಿ ಕೂತು ಪಂಚರ್ ಹಾಕ್ಬೇಕಾ?"

ಮಲ್ಲೇಶಪ್ಪನವರು ಕಣ್ಣು ಪಿಳಿಪಿಳಿ ಬಿಟ್ಟರು. ಚಿಕ್ಕಪ್ಪನ ಕಡೆ ನೋಡಿದರು. ಚಿಕ್ಕಪ್ಪ ತನ್ನ ಕಾಲ್ಬೆರಳುಗಳನ್ನು ನೋಡುತ್ತಿದ್ದ. ಹಿತ್ತಲ ಬಾಗಿಲಿಗೆ ಆತುಕೊಂಡಿದ್ದ ನಾನು ಆ ಹೊತ್ತಿಗೆ ಮೂರು ದೇವರಿಗೆ ಹರಕೆ ಹೊತ್ತಾಗಿತ್ತು.

"ಹೂಂ ಯಜಮಾನ್ರೇ. ಒಗೆದ್ರು" ಎಂದರು ಮಲ್ಲೇಶಪ್ಪ, ನಿಧಾನವಾಗಿ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಜ್ಜನ ಕಣ್ಣು ಹೊಳೆಯತೊಡಗಿತ್ತು. "ನಾನು ಅದ್ನ ನೋಡಿಲ್ಲ ಕಣಯ್ಯಾ. ಈ ಹುಡ್ಗಿನ ಒಗೆಯೋದ್ನ ನೋಡಿ ನೋಡಿ ಸಾಕಾಗೈತೆ. ಇವ ಕುಸ್ತಿ ಬಿಟ್ಟಾಯ್ತು, ಇನ್ನು ನನ್ನ ಕಣ್ಣೇನು ತಾಗಲ್ಲ. ಬಂದಿದ್ದೀಯ, ಸೋಮವಾರನೂ ಆಗೈತೆ. ಒಂದ್ಸಲ ತೋರ್ಸ್ರೋ ಇಬ್ರೂ."

"ಅಪ್ಪಾ, ಮನೇಗೆ ಬಂದೋರ್ನ..." ಎಂದ ಚಿಕ್ಕಪ್ಪ. ಅವನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

ಮಲ್ಲೇಶಪ್ಪ ಹಿತ್ತಲಿಗೆ ಬಂದು, ಅಂಗಿ ಬಿಚ್ಚಿ ಗೋಡೆಯ ಮೇಲೆ ಹಾಕಿ, ಪಂಚೆಯನ್ನು ಮೇಲಕ್ಕೆ ಕಟ್ಟಿ, ಕಣದ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಬಾ ಪುಟ್ಟಿ. ನಾನು ಹೆಂಗೆ ಬಿದ್ದೆ ಅಂತ ನೀನೇ ಹೇಳ್ಕೊಡು. ಬಿದ್ದೋನಿಗೇನು ಗ್ಯಾಪ್ಕ ಇರ್ತೈತೆ?" ಎಂದರು.

ಹೀಗೆ, ಗೆದ್ದ ಮನುಷ್ಯನಿಗೆ ಅವನು ಸೋತದ್ದು ಹೇಗೆಂದು ನಾನು ಪಾಠ ಹೇಳಿದೆ. "ಮೊದ್ಲು ನೀವು ಕೈ ಕೊಡ್ಬೇಕು. ಆಮೇಲೆ ಚಿಕ್ಕಪ್ಪನ ಕತ್ತು ಹಿಡ್ಕಬೇಕು. ಚಿಕ್ಕಪ್ಪ ಕೈ ಎಳ್ಕಂಡು ತಿರುಗ್ತನೆ. ನೀವು ಮೇಲಕ್ಕೋಗ್ತೀರ, ಆಮೇಲೆ ಕೆಳಕ್ಕೆ ಬತ್ತೀರ."

"ಅಷ್ಟೇನಾ?"

"ಅಷ್ಟೇ. ನೋಯಕಿಲ್ಲ, ಹೆದ್ರಬ್ಯಾಡಿ."

"ನೀನಿದ್ದೀಯಲ್ಲ, ಹೆದ್ರಿಕೆ ಯಾಕೆ?" ಎಂದರು. ಆ ಹೊತ್ತಿನಲ್ಲೂ ಅವ್ವ ಕಿಟಕಿಯಲ್ಲಿ ನಕ್ಕದ್ದು ಕೇಳಿಸಿತು.

ಇಬ್ಬರೂ ಎದುರುಬದುರಾದರು. ಅಜ್ಜ ಕಲ್ಲಿನ ತುದಿಗೆ ಬಂದು ಕೂತರು. ಕೈ ಕೊಟ್ಟದ್ದಾಯಿತು, ಕತ್ತು ಹಿಡಿದದ್ದಾಯಿತು. ನನ್ನೊಡನೆ ಆಡುವಾಗ ಇರದ ಒಂದು ಸದ್ದು ಆ ದಿನ ಹಿತ್ತಲಲ್ಲಿತ್ತು. ದೊಡ್ಡ ಮೈಗಳು ಒಂದಕ್ಕೊಂದು ತಾಗುವ ಸದ್ದು, ಮೂಗಿನಿಂದ ಹೊರಡುವ ಬಿಸಿಯುಸಿರು. ಚಿಕ್ಕಪ್ಪನ ಬೆನ್ನಿನ ಮೇಲೆ ಬೆವರು ಒಡೆಯಿತು. ಅವನ ಮುಖ ಬೋನಿಗೆ ಬಿದ್ದ ಪ್ರಾಣಿಯದಾಗಿತ್ತು. ಗೆಲ್ಲಲೇಬೇಕಿತ್ತು, ಆದರೆ ಆ ಮಂಡಿಯಲ್ಲಿ ಆ ಆಳನ್ನು ಎತ್ತುವುದು ಆಗದ ಮಾತು, ನಿಲ್ಲಿಸುವಂತೆಯೂ ಇಲ್ಲ. ತೋಳು ಎಳೆದ. ಹೆಗಲು ತಿರುಗಿಸಿದ. ಇನ್ನು ಸೊಂಟ ಬಗ್ಗಿಸಿ, ಭಾರವನ್ನು ಬೆನ್ನಿಗೆ ತೆಗೆದುಕೊಂಡು ಎತ್ತಬೇಕು.

ಎತ್ತುವ ಮೊದಲೇ ಮಲ್ಲೇಶಪ್ಪ ಬಿದ್ದರು.

ಎಷ್ಟು ಮೊದಲು? ಒಂದು ರೆಪ್ಪೆ ಬಡಿಯುವಷ್ಟು. ಚಿಕ್ಕಪ್ಪ ಇನ್ನೂ ಬಗ್ಗಿರಲೇ ಇಲ್ಲ, ಅವರು ನೆಲವನ್ನು ಹಿಮ್ಮಡಿಯಿಂದ ಒದ್ದು, ತಾವೇ ಅವನ ಹೆಗಲನ್ನು ದಾಟಿ ಹೋಗಿ ದೊಪ್ಪನೆ ಅಂಗಾತವಾದರು. ಆ ಮಂಡಿಯ ಮೇಲೆ ಭಾರ ಬೀಳದಿರಲಿ ಎಂದು ಅವಸರಪಟ್ಟರೋ, ಆ ಪಟ್ಟಿಗೆ ಎಂದೂ ಸಿಕ್ಕದ ಮೈಗೆ ಎತ್ತಿಸಿಕೊಳ್ಳಲು ಕಾಯಬೇಕೆಂಬುದು ತಿಳಿಯಲಿಲ್ಲವೋ. ಬೇರೆ ಯಾರೇ ನೋಡಿದ್ದರೂ ಚೆನ್ನಾಗಿ ಒಗೆದ ಎಂದೇ ಅನ್ನುತ್ತಿದ್ದರು. ಆದರೆ ಕಲ್ಲಿನ ಮೇಲಿದ್ದವರು ಆ ಕುಸ್ತಿಯನ್ನು ವರ್ಷಗಟ್ಟಲೆ ನಿಲ್ಲಿಸಿ ನಿಲ್ಲಿಸಿ ನೋಡಿದವರು.

ಅಜ್ಜ ನಿಲ್ಲು ಎನ್ನಲಿಲ್ಲ. ಯಾಕೆ ಎಂದು ಕೇಳಲಿಲ್ಲ. ಎದ್ದು ಹೋಗಿ ಮಲ್ಲೇಶಪ್ಪನವರಿಗೆ ಕೈ ಕೊಟ್ಟು ಎಬ್ಬಿಸಿ, ಅವರ ಬೆನ್ನಿನ ಮಣ್ಣನ್ನು ತಮ್ಮ ಅಂಗೈಯಿಂದ ಒರೆಸಿದರು, ಬಹಳ ಹೊತ್ತು ಒರೆಸಿದರು. "ಊಟಕ್ಕೇಳಪ್ಪಾ" ಎಂದರು. ಊಟದಲ್ಲಿ ಕುಸ್ತಿಯ ಮಾತೂ ಬರಲಿಲ್ಲ, ಅಂಗಡಿಯ ಮಾತೂ ಬರಲಿಲ್ಲ. ಸಂಜೆಯ ಬಸ್ಸಿಗೆ ಅವರು ಹೊರಟುಹೋದರು.

ಮುಂದಿನ ಸೋಮವಾರ ಇಳಿಹೊತ್ತಿಗೆ ಚಿಕ್ಕಪ್ಪ ಪಂಚೆ ಮೇಲಕ್ಕೆ ಕಟ್ಟಿ ಕಣದಲ್ಲಿ ನಿಂತ. ಯಾವ ಊರಿನದು ಕೇಳಿದರೂ ಕಡೆಗೆ ಬೀಳಬೇಕಾದವಳು ನಾನೇ ತಾನೆ ಎಂದು, ಏಟು ಉಳಿಸಿಕೊಳ್ಳುವ ಜಾಣತನದಲ್ಲಿ, ನಾನು ಮೊದಲೇ ಮಣ್ಣಿನ ಮೇಲೆ ಅಂಗಾತ ಮಲಗಿದೆ. ಅಜ್ಜ ಬಂದು ಕೂತರು. ಊರಿನ ಹೆಸರು ಹೇಳಲಿಲ್ಲ. "ಮಂಡಿ ಇನ್ನೂ ನೋಯ್ತದೇನೋ?" ಎಂದರು. ಅಷ್ಟು ವರ್ಷಗಳಲ್ಲಿ ಅವರು ಅದನ್ನು ಕೇಳಿದ್ದನ್ನು ನಾನು ಕಂಡಿರಲಿಲ್ಲ.

"ಹೂಂ ಅಪ್ಪಾ" ಎಂದ ಚಿಕ್ಕಪ್ಪ.

"ಆ ಸೈಕಲ್ ಕೆಲ್ಸ, ಕೂತ್ಕೊಂಡೇ ಮಾಡಬೌದಂತಾ?"

ಅಜ್ಜ ಕಲ್ಲಿನ ಮೇಲೆ ಒಂದಿಷ್ಟು ಸರಿದು ಜಾಗ ಮಾಡಿದರು. ಚಿಕ್ಕಪ್ಪ ಕುಂಟುತ್ತ ಹೋಗಿ, ಮಡಚಲಾಗದ ಕಾಲನ್ನು ಉದ್ದಕ್ಕೆ ಚಾಚಿ ಪಕ್ಕದಲ್ಲಿ ಕೂತ. ಇಬ್ಬರೂ ಎದುರಿನ ಗೋಡೆಯನ್ನು ನೋಡುತ್ತ ಕೂತಿದ್ದರು. ಅಡಿಗೆಮನೆಯಲ್ಲಿ ದೀಪ ಹೊತ್ತಿತು. ಬಿದ್ದವರು ಅಜ್ಜ ಹೇಳುವವರೆಗೆ ಏಳುವಂತಿಲ್ಲ, ಅದೇ ನಮ್ಮ ಹಿತ್ತಲಿನ ವಾಡಿಕೆ. ತಣ್ಣಗಾಗುತ್ತಿದ್ದ ಮಣ್ಣಿನ ಮೇಲೆ, ಎದೆಯ ಮೇಲೆ ಯಾರ ಭಾರವೂ ಇಲ್ಲದೆ, ನಾನು ಕಾಯುತ್ತ ಮಲಗಿದ್ದೆ. ಅವರಿಗೆ ನನ್ನ ನೆನಪೇ ಇರಲಿಲ್ಲ. ಈಗ ಆ ಕಲ್ಲೂ ಇಲ್ಲ, ಅದರ ಮೇಲೆ ಕೂತಿದ್ದ ಇಬ್ಬರೂ ಇಲ್ಲ. ಏಳು ಅಂತ ನನಗಿನ್ನೂ ಯಾರೂ ಹೇಳಿಲ್ಲ.