ಕಾರಿಗೆ ಅರಿಶಿನ ಹಚ್ಚಿದ ಕಥೆ

ಕಳೆದ ಭಾನುವಾರ ಸಂಜೆ ಪುಣೆಯ ಟ್ರಾಫಿಕ್ ಪೊಲೀಸರು ನನ್ನ ಕಾರನ್ನು ನಿಲ್ಲಿಸಿದರು.

ಸ್ಪೀಡಿಗಲ್ಲ. ಸಿಗ್ನಲ್ ಜಂಪಿಗೂ ಅಲ್ಲ. ನಮ್ಮ ಅತ್ತೆ ಮಾತಾಡಿದ್ದಕ್ಕೆ.

ನಗಬೇಡಿ. ಮೊದಲಿನಿಂದ ಹೇಳುತ್ತೇನೆ.

ಈ ವರ್ಷ ನಾನೊಂದು ಸ್ಪೋರ್ಟ್ಸ್ ಕಾರು ಕೊಂಡೆ. ಸೆಕೆಂಡ್ ಹ್ಯಾಂಡ್. ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡಂಥ ಮೈ, ದಾಸವಾಳದ ಕೆಂಪು. (ಮಿಡ್‌ಲೈಫ್ ಕ್ರೈಸಿಸ್ ಗಂಡಸರಿಗೇ ಮೀಸಲು ಅಂತ ಎಲ್ಲಿ ಬರೆದಿದೆ?) ಮೈಸೂರಿನಲ್ಲಿ ಅಪ್ಪನ ಮೊಪೆಡ್ಡಿನ ಹಿಂದೆ ಕೂತು ಕಾಲೇಜಿಗೆ ಹೋಗುತ್ತಿದ್ದ ಕಾಲದ ಆಸೆ ಅದು. ವಿಮಾನ ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಗೊಂದೇ ಪಾರ್ಕಿಂಗ್. ಹಾಗಾಗಿ ಹಳೆಯ ಕಾರು ಹೋಯಿತು, ಕೆಂಪು ಕಾರು ಬಂತು.

ಹೊರಗೆ ಕೆಂಪು. ಒಳಗೆ? ಕಪ್ಪು. ಸೀಟು ಕಪ್ಪು, ಡ್ಯಾಶ್‌ಬೋರ್ಡ್ ಕಪ್ಪು, ಬಾಗಿಲು ಕಪ್ಪು, ತಲೆಯ ಮೇಲಿನ ಬಟ್ಟೆಯೂ ಕಪ್ಪು. ನನ್ನ ಕರಿ ಪರ್ಸನ್ನು ಪಕ್ಕದ ಸೀಟಿನಲ್ಲಿಟ್ಟರೆ ಕೈಯಾಡಿಸಿ ಹುಡುಕಬೇಕು.

ಅತ್ತೆ ವಿಜಯಪುರದ ಕಡೆಯವರು. ಪೂಜೆ ಮಾಡಲೆಂದು ಕುಂಕುಮ, ನಿಂಬೆಹಣ್ಣು ಹಿಡಿದು ಬಂದವರು ಬಾಗಿಲು ತೆಗೆದು ಒಳಗೆ ಇಣುಕಿದರು. ಇಣುಕಿದಷ್ಟೇ ವೇಗವಾಗಿ ಹಿಂದಕ್ಕೆ ಬಂದರು.

"ಇದೇನವಾ ಸುಮಾ, ಹಗೇವಿನಾಗ ಇಣುಕಿದಂಗ ಆತು! ನಾ ಒಳಗ ಇಳಿಯೂದಿಲ್ಲ."

ಹಗೇವು ಅಂದರೆ ಅವರ ಸೀಮೆಯಲ್ಲಿ ಜೋಳ ತುಂಬಿಡಲು ನೆಲದಲ್ಲಿ ತೋಡುತ್ತಿದ್ದ ಆಳದ ಗುಂಡಿ. ನನ್ನ ಕನಸಿನ ಕಾರು ಒಂದೇ ಮಾತಿನಲ್ಲಿ ಕಾಳಿನ ಗುಂಡಿಯಾಯಿತು.

ಅತ್ತೆ ಆಡಿದ ಮಾತಿಗೆ ತಪ್ಪುವವರಲ್ಲ. ಸ್ವಾರಗೇಟಿನ ನೆಂಟರ ಮನೆಯಲ್ಲಿ ಮಗುವಿಗೆ ಹೆಸರಿಡುವ ಕಾರ್ಯಕ್ರಮವಿತ್ತು. ನಾನು, ನನ್ನ ಗಂಡ ಶ್ರೀಧರ ಕಾರಿನಲ್ಲಿ ಹೊರಟೆವು. ನಮ್ಮ ಹಿಂದೆ ಒಂದು ಆಟೋ. ಅದರಲ್ಲಿ ಇಳಕಲ್ ಸೀರೆ ಉಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತ ಅತ್ತೆ! ಸಿಗ್ನಲ್ಲಿನಲ್ಲಿ ಆಟೋ ನಮ್ಮ ಪಕ್ಕಕ್ಕೇ ಬಂದು ನಿಂತಿತು. ನಾನು ಕೈ ಬೀಸಿದೆ. ಅವರು ನಮ್ಮ ಪರಿಚಯವೇ ಇಲ್ಲದವರಂತೆ ರಸ್ತೆ ನೋಡುತ್ತಿದ್ದರು.

ಇದನ್ನು ನಮ್ಮ ಅಪಾರ್ಟ್‌ಮೆಂಟಿನ ಜನ ನೋಡದೆ ಬಿಟ್ಟಾರೆಯೇ? ನಾಲ್ಕನೇ ಮಹಡಿಯ ಶೆಟ್ಟರು ಕುಂದಾಪುರದವರು, ಇಲ್ಲಿ ಹೋಟೆಲ್ ನಡೆಸುತ್ತಾರೆ. ತುಂಬಿದ ಲಿಫ್ಟಿನಲ್ಲೇ ಕೇಳಿಬಿಟ್ಟರು.

"ಎಂಥದು ಮಾರಾಯ್ರೆ ಇದು? ನಿಮಗೆ ರೇಸ್ ಕಾರು, ಅಮ್ಮನಿಗೆ ಆಟೋವಾ?"

ಶ್ರೀಧರನ ಕಿವಿ ನನ್ನ ಕಾರಿಗಿಂತ ಕೆಂಪಾಯಿತು. ಮನೆಗೆ ಬಂದವನೇ ತೀರ್ಪು ಕೊಟ್ಟ.

"ನೋಡು, ಒಂದು ತಿಂಗಳು ಟೈಮ್ ಕೊಡ್ತೀನಿ. ಅವ್ವ ಕೂಡ್ರಬೇಕು. ಇಲ್ಲಾಂದ್ರ ಕಾರ್ ಹೋಗಬೇಕು."

ಅಂದರೆ ಬಿಳಿ ಬಣ್ಣದ, ನಾಲ್ಕು ಬಾಗಿಲಿನ, ಸಭ್ಯ ಕಾರೊಂದು ಬರಬೇಕು. ಆ ರಾತ್ರಿ ನನಗೆ ಊಟ ಸೇರಲಿಲ್ಲ. (ಬಿಸಿಬೇಳೆಬಾತ್ ಇತ್ತು. ಆದರೂ.)

ಮರುದಿನ ಪುಣೆಯ ಕ್ಯಾಂಪ್ ಬಡಾವಣೆಯಲ್ಲಿರುವ ಕಾರು ಅಲಂಕಾರದ ಅಂಗಡಿಗೆ ಹೋದೆ. ಒಳಗೆಲ್ಲ ಬಣ್ಣ ಬೇಕು, ಹಳದಿಯಾದರೆ ಒಳ್ಳೆಯದು ಅಂದೆ. ಅಂಗಡಿಯವನು ನನ್ನನ್ನೊಮ್ಮೆ, ಕಾರನ್ನೊಮ್ಮೆ ನೋಡಿದ. "ಮ್ಯಾಡಮ್, ಲೋಕ ಕಾಳಂ ಕರಾಯಲಾ ಯೇತಾತ!" ಜನ ದುಡ್ಡು ಕೊಟ್ಟು ಕಪ್ಪು ಮಾಡಿಸಿಕೊಳ್ಳಲು ಬರುತ್ತಾರಂತೆ. ಕಪ್ಪು ಅಂದರೆ ಪ್ರೀಮಿಯಂ ಅಂತೆ. ಸೀಟುಗಳಿಗೆ ಹೊಸ ಲೆದರ್ ಹೊಲಿಸಲು ಅವನು ಹೇಳಿದ ರೇಟಿಗೆ ಇನ್ನೊಂದು ಹಳೆ ಕಾರೇ ಬರುತ್ತಿತ್ತು. ಒಂದು ಸುರುಳಿ ಹಳದಿ ವಿನೈಲ್ ಸ್ಟಿಕ್ಕರ್ ಮಾತ್ರ ಕೊಂಡು ವಾಪಸಾದೆ.

ವಿಡಿಯೋ ನೋಡಿ, ಮಗಳು ಹಾಸ್ಟೆಲಿಗೆ ಒಯ್ಯದೆ ಬಿಟ್ಟ ಹೇರ್ ಡ್ರೈಯರ್ ಹಿಡಿದು, ಇಡೀ ಡ್ಯಾಶ್‌ಬೋರ್ಡಿಗೆ ಹಳದಿ ಅಂಟಿಸಿದೆ. ಎಷ್ಟು ಚೆಂದ ಕಂಡಿತು ಗೊತ್ತಾ? ಪಾರ್ಕಿಂಗಿನ ನೆರಳಿನಲ್ಲಿ. ಬಿಸಿಲಿಗೆ ತಂದ ಕೂಡಲೇ ಹಳದಿಯೆಲ್ಲ ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಇಡೀ ಪುಣೆಗೆ ಕಾಮಾಲೆ ಬಂದಂತಾಯಿತು. ಎದುರಿಗೆ ಬರುವುದು ಬಸ್ಸೋ ಬಾಳೆಹಣ್ಣಿನ ಗಾಡಿಯೋ ತಿಳಿಯದೆ ನಮ್ಮ ಬೀದಿಯ ತುದಿಯಿಂದಲೇ ಹಿಂತಿರುಗಿದೆ.

ಅತ್ತೆ ಬಾಲ್ಕನಿಯಿಂದ ನೋಡುತ್ತಿದ್ದರು. "ಕಾರಿಗೆ ಅರಿಷಿಣ ಹಚ್ಚೀಯೇನವಾ? ಮದುವಿ ಯಾವಾಗ?"

ಸ್ಟಿಕ್ಕರ್ ಕಿತ್ತೆ. ಕಿತ್ತದ್ದನ್ನು ಎಸೆಯಲು ಮನಸ್ಸು ಬರಲಿಲ್ಲ. ಕತ್ತರಿಸಿ, ಗಾಜಿನಲ್ಲಿ ಪ್ರತಿಫಲಿಸದ ಜಾಗಗಳಿಗೆ, ಅಂದರೆ ಬಾಗಿಲಿನ ಕೆಳಭಾಗಕ್ಕೂ ಗೇರ್ ಪಕ್ಕದ ಪಟ್ಟಿಗೂ ಅಂಟಿಸಿದೆ.

ಆಮೇಲೆ ಸೀಟ್ ಕವರ್. ಡಬ್ಬದ ಮೇಲೆ 'ಎಲ್ಲ ಕಾರಿಗೂ ಹೊಂದುತ್ತದೆ' ಅಂತ ದಪ್ಪಕ್ಷರದಲ್ಲಿತ್ತು. ಎಲ್ಲ ಕಾರು ಅನ್ನುವುದರಲ್ಲಿ ನನ್ನದು ಸೇರಿರಲಿಲ್ಲ. ನನ್ನ ಸೀಟಿಗೆ ಬೆನ್ನು, ತಲೆ ಎಲ್ಲ ಒಂದೇ ತುಂಡು. ಕವರ್ ಅದರ ಮೇಲೆ ತಾತನ ಮಂಕಿ ಟೋಪಿಯಂತೆ ಕೂತಿತು. ಮೊದಲ ತಿರುವಿನಲ್ಲೇ ಶ್ರೀಧರ ಕವರಿನ ಸಮೇತ ಜಾರಿ ಬಾಗಿಲಿಗೆ ಒರಗಿದ. ಅಲ್ಲದೆ ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಇದೆ, ಅದನ್ನು ಮುಚ್ಚುವಂತಿಲ್ಲ. ಕವರ್ ವಾಪಸ್. ಅದರ ಬದಲು ಒಂದು ಗಿಳಿಹಸಿರು ದಿಂಬು, ನವಿಲು ಬಣ್ಣದ ಮ್ಯಾಟು, ಸೀಟ್ ಬೆಲ್ಟಿಗೆ ಗುಲಾಬಿ ಬಟ್ಟೆಯ ಕವಚ.

ಕೊನೆಯ ಅಸ್ತ್ರ, ಆನ್‌ಲೈನಿನಲ್ಲಿ ತರಿಸಿದ ಎಲ್ಇಡಿ ಪಟ್ಟಿ. ಕಾಲಿಡುವ ಜಾಗದ ಮೇಲೆ ಅಂಟಿಸಿ, ಚಾರ್ಜರ್ ಸಾಕೆಟ್ಟಿಗೆ ಸಿಕ್ಕಿಸಿದರೆ ಮುಗಿಯಿತು. ಒಂದು ಪುಟ್ಟ ರಿಮೋಟು ಬೇರೆ. ಮೆತ್ತನೆಯ ಕಿತ್ತಳೆ ಬೆಳಕು ಹಾಕಿ ಅತ್ತೆಯನ್ನು ಕರೆದೆ. ಗಡುವು ಮುಗಿಯಲು ನಾಲ್ಕೇ ದಿನವಿತ್ತು.

ಅವರು ಇಣುಕಿದರು. ಮ್ಯಾಟು ನೋಡಿದರು. ದಿಂಬು ಒತ್ತಿದರು.

"ಈಗ ಭಾಳ ಛಲೋ ಕಾಣಸ್ತದ ನೋಡು. ದೇವರ ಮನಿಯಂಗ ಅದ." ಹಾಗಂದವರೇ ಒಂದು ಕೈ ಬಾಗಿಲಿಗೆ, ಒಂದು ಕೈ ನನ್ನ ಹೆಗಲಿಗೆ ಕೊಟ್ಟು ಕೂತೇಬಿಟ್ಟರು!

ಭಾನುವಾರ ಸಂಜೆ ಅವರನ್ನು ಕ್ಯಾಂಪಿನಲ್ಲಿರುವ ಅವರ ಗೆಳತಿಯ ಮನೆಗೆ ಕರೆದೊಯ್ಯುತ್ತಿದ್ದೆ. ಕತ್ತಲಾಗಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅತ್ತೆ ಸೀಟಿನಲ್ಲಿ ಸರಿದು ಕೂತು, "ಸುಮಾ, ಸಾವಕಾಶ ಹೋಗು" ಅಂದರು. ಕಾರೊಳಗೆ ಕೆಂಪು, ಹಸಿರು, ನೀಲಿ, ನೇರಳೆ ಫಳಫಳ ಹೊಡೆಯಿತು.

ಇಬ್ಬರೂ ಸುಮ್ಮನಾದೆವು. ಬೆಳಕೂ ಸುಮ್ಮನಾಯಿತು.

"ಏನಾತು?" ಅಂದರು. ಫಳಫಳ!

ಸದ್ದಿಗೆ ತಕ್ಕಂತೆ ಬೆಳಕು ಕುಣಿಸುವ ಗುಂಡಿಯೊಂದು ಆ ರಿಮೋಟಿನಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ. ಅತ್ತೆ ರಿಮೋಟಿನ ಮೇಲೆ ಕೂತಿದ್ದಾರೆ ಅನ್ನುವುದಂತೂ ಇಬ್ಬರಿಗೂ ಗೊತ್ತಿರಲಿಲ್ಲ. ಅವರು "ಹಾಂ" ಅಂದು ನೋಡಿದರು. "ಹೂಂ" ಅಂದು ನೋಡಿದರು. ಮುಖ ಅರಳಿತು. ಆಮೇಲೆ ಗಂಟಲು ಸರಿಮಾಡಿಕೊಂಡು ಭಜನೆ ಶುರುಮಾಡಿದರು, ಕೈತಾಳದ ಸಮೇತ. ನಾನು ಬೇಡ ಅಂದಷ್ಟೂ ಬೆಳಕು ಇನ್ನೂ ಹೆಚ್ಚು ಕುಣಿಯಿತು. ಎಡಕ್ಕೆ ನಿಲ್ಲಿಸೋಣವೆಂದು ಜಾಗ ಹುಡುಕುವಷ್ಟರಲ್ಲಿ ಪೊಲೀಸರೇ ಕೈ ಅಡ್ಡ ಹಿಡಿದರು.

ಗಾಜು ಇಳಿಸಿದೆ. ಆತ ಬಗ್ಗಿ ಕೇಳಿದ: "ಕಾಯ್ ತಾಯಿ, ಗಾಡೀತ ಗಣಪತಿ ಬಸವಲಾಯ್ ಕಾ?" ಗಾಡಿಯಲ್ಲಿ ಗಣಪತಿ ಕೂರಿಸಿದ್ದೀರಾ ಅಂತ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಉತ್ತರಿಸಿದರು. "ನಾಹೀ ರೇ ಬಾಳಾ, ಮೀ ಬಸಲೇ ಆಹೆ!" ಇಲ್ಲಪ್ಪಾ ಮಗನೇ, ನಾನೇ ಕೂತಿದ್ದೀನಿ!

ಒಂದೊಂದು ಪದಕ್ಕೂ ಒಂದೊಂದು ಬಣ್ಣ. ಪೊಲೀಸಪ್ಪ ಬೆಚ್ಚಿ "ಅರೇ!" ಅಂದ. ಅದಕ್ಕೂ ನೀಲಿ ಹೊಡೆಯಿತು. ಆತ ಸುತ್ತ ನೋಡಿ, ಸಣ್ಣಗೆ ಕೆಮ್ಮಿದ. ಹಸಿರು. ಇನ್ನೊಮ್ಮೆ ಕೆಮ್ಮಿದ. ಆಮೇಲೆ ತಾನು ಡ್ಯೂಟಿಯಲ್ಲಿರುವುದು ನೆನಪಾಗಿ ಮುಖ ಗಂಭೀರ ಮಾಡಿಕೊಂಡ. ಓಡುವ ಗಾಡಿಯಲ್ಲಿ ಇಂಥ ದೀಪ ಹಾಕಬೇಡಿ, ಹಿಂದಿನವರ ಗಮನ ಹೋಗುತ್ತದೆ ಅಂದ. ನ್ಯಾಯವಾದ ಮಾತು. ಅತ್ತೆಯನ್ನು ಎಬ್ಬಿಸಿ, ರಿಮೋಟು ಹುಡುಕಿ, ಆರಿಸಿ, ಕೈಮುಗಿದು ಹೊರಟೆ.

ಈಗ ದೀಪ ಪಾರ್ಕಿಂಗಿನಲ್ಲಿ ಮಾತ್ರ. ಅತ್ತೆ ಸಂಜೆ ಭಜನಾ ಮಂಡಳಿಯ ಗೆಳತಿಯರನ್ನು ಕರೆತಂದು, ನಿಂತ ಕಾರಿನಲ್ಲಿ ಒಬ್ಬೊಬ್ಬರಿಂದಲೂ "ಹೂಂ" ಅನ್ನಿಸುತ್ತಾರೆ. ಮುಂದಿನ ಸೀಟು ಅವರದ್ದೇ. ಶ್ರೀಧರ ಹಿಂದೆ, ಸೀಟು ಎಂಬ ಹೆಸರಿನ ಎರಡು ತಟ್ಟೆಗಳ ಮೇಲೆ, ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕೂರುತ್ತಾನೆ. ಮೊನ್ನೆ ನರಳುತ್ತಾ, "ಅವ್ವಾ, ಈ ಕಾರ್ ಮಾರಿಬಿಡೂಣಲ್ಲಾ?" ಅಂದ.

"ನೀ ಬೇಕಾದ್ರ ನಡಕೋತ ಬಾ," ಅಂದರು ಅತ್ತೆ.

ಅವತ್ತಿನಿಂದ ನಾನು ಸುತ್ತಮುತ್ತ ನೋಡುತ್ತಿದ್ದೇನೆ. ಫೋನು ಕಪ್ಪು, ಲ್ಯಾಪ್‌ಟಾಪು ಬೂದಿ, ಸೋಫಾ ಬೂದಿ, ಆಫೀಸಿನ ಗೋಡೆಯೂ ಬೂದಿ. ಎಲ್ಲವೂ ಕ್ಲಾಸಿ, ಎಲ್ಲವೂ ಪ್ರೀಮಿಯಂ. ನಮ್ಮ ಟೀಮಿನ ಹುಡುಗಿಯೊಬ್ಬಳು ನನ್ನ ಕಾರಿನೊಳಗೆ ಬಗ್ಗಿ ನೋಡಿ, ಯಾರಿಗೂ ಕೇಳಿಸದಂತೆ, "ಮ್ಯಾಮ್, ಆಕ್ಚುಯಲಿ ನಂಗೂ ಹಳದಿನೇ ಇಷ್ಟ" ಅಂದಳು.

ಅಲ್ಲ, ಹಳದಿ ಇಷ್ಟ ಅಂತ ಹೇಳುವುದಕ್ಕೆ ನಾವು ಪಿಸುಗುಟ್ಟಲು ಶುರುಮಾಡಿದ್ದು ಯಾವಾಗಿನಿಂದ?